ಬೀಗರ ಹಾಡಿನಲ್ಲಿ ಜಾರಿದ ಒಂದು ಸಾಲು

ಪದಗಳ ನಡುವಿನ ಖಾಲಿ ಜಾಗಕ್ಕೆ ಸಂಬಳ ತೆಗೆದುಕೊಂಡು ಬದುಕಿದವಳು ನಾನು. ಪದಗಳನ್ನು ಬರೆದವರು ಬೇರೆ, ಓದಿದವರು ಬೇರೆ. ಇಬ್ಬರ ನಡುವೆ ಕೂತು, ಈ ಸಾಲು ಎಲ್ಲಿ ಮುರಿಯಬೇಕು, ಮುಂದಿನದು ಎಲ್ಲಿಂದ ಶುರುವಾಗಬೇಕು, ಎಡಬಲದ ಅಂಚು ನೆಟ್ಟಗಿದೆಯೇ ಎಂದು ನೋಡುವುದಷ್ಟೇ ನನ್ನ ಕೆಲಸ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಒಂದು ಕಟ್ಟಡದ ಮೆಟ್ಟಿಲ ಕೆಳಗಿದ್ದ ಡಿಟಿಪಿ ಅಂಗಡಿಗೆ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟಿಕೊಡುವ ಅಂಗಡಿಗೆ, ಸೇರಿದಾಗ ನನ್ನ ಜಡೆ ಉದ್ದವಿತ್ತು. ಬಿಡುವಾಗ ಕುತ್ತಿಗೆಗೆ ಪಟ್ಟಿ ಬಂದಿತ್ತು. ಐವತ್ತೈದಕ್ಕೇ ಮನೆಗೆ ಬಂದದ್ದು ಆ ಪಟ್ಟಿಯ ದೆಸೆಯಿಂದ.

"ಇನ್ನಾದ್ರೂ ಯೋಚನೆ ಮಾಡೋದು ಬಿಡ್ತೀಯಾ?" ಎಂದು ನನ್ನ ಗಂಡ ಕೇಳಿದರು. ಬಿಟ್ಟರೆ ಆಮೇಲೆ ಏನು ಮಾಡುವುದು ಎಂಬ ಯೋಚನೆ ಅಂದೇ ಹತ್ತಿಕೊಂಡಿತು.

ನನ್ನ ಕುರ್ಚಿಯಲ್ಲಿ ಈಗ ಬಸವರಾಜ ಕೂರುತ್ತಾನೆ. ವಿಜಯಪುರದ ಕಡೆಯವನು, ಬಿಟಿಎಂನಲ್ಲಿ ಬಾಡಿಗೆ ರೂಮು. "ಅಕ್ಕಾರ, ಹೊಸಬ್ರು ಬರ್ತಾರ, ನನಗ ಹೇಳಿಕೊಡ್ಲಿಕ್ಕೆ ಬರಂಗಿಲ್ಲ. ನೀವ ಒಂದೀಟು ಬರದು ಕೊಡ್ರಿ" ಎಂದ. ಹಾಗಾಗಿ ಇದು. ಸಂಬಳ ಏರಿದ್ದು, 'ಸೀನಿಯರ್' ಎಂದು ಕರೆಸಿಕೊಂಡದ್ದು ಹೊಸಬರಿಗೆ ಯಾವ ಉಪಯೋಗಕ್ಕೂ ಬಾರದು. ಸಾಲುಗಳು ನನ್ನನ್ನು ಎಲ್ಲೆಲ್ಲಿ ಮುಗ್ಗರಿಸಿದವು ಎನ್ನುವುದು ಬಂದೀತು. ಅದರಲ್ಲೂ ಯಡಿಯೂರಿನ ಪುಟ್ಟತಾಯಮ್ಮ ಎಂಬ ಹಿರಿಯರು ತಮ್ಮ ಮೊಮ್ಮಗಳ ಮದುವೆಗೆಂದು ಮಾಡಿಸಿದ ಹಾಡಿನ ಪುಸ್ತಕದಲ್ಲಿ ಮುಗ್ಗರಿಸಿದ್ದು. ಆದರೆ ಅಲ್ಲಿಗೆ ನಾನು ಯಾವ ವಿದ್ಯೆ ಹೊತ್ತುಕೊಂಡು ಹೋದೆ ಎಂಬುದನ್ನು ಮೊದಲು ಹೇಳಬೇಕು. ಮುಗ್ಗರಿಸಿದ್ದು ಆ ವಿದ್ಯೆಯಿಂದಲೇ.

ಅಂಗಡಿಯ ಮಾಲೀಕರು ಶೇಷಾದ್ರಿ. ಪುಟ ತೆಗೆದು ಕೊಟ್ಟರೆ ಅವರು ಓದುತ್ತಿರಲಿಲ್ಲ. ತಲೆಕೆಳಗು ಮಾಡಿ, ತೋಳು ಚಾಚಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ನೆಟ್ಟಗೆ ಹಿಡಿದರೆ ಅರ್ಥ ಅಡ್ಡ ಬರುತ್ತದೆ ಎಂಬುದು ಅವರ ವಾದ. ತಲೆಕೆಳಗಾದ ಪುಟದಲ್ಲಿ ಅಕ್ಷರವೆಲ್ಲ ಬರೀ ಕಪ್ಪು, ಮಿಕ್ಕಿದ್ದು ಬರೀ ಬಿಳುಪು. ಎಲ್ಲಿ ಬಿಳುಪು ಜಾಸ್ತಿಯಾಗಿ ತೂತು ಬಿದ್ದಿದೆಯೋ ಅದು ಕಣ್ಣಿಗೆ ರಾಚುತ್ತದೆ. ಇದನ್ನು ನಾನು ಈಗಲೂ ಎಲ್ಲರಿಗೂ ಹೇಳುತ್ತೇನೆ. ಪೇಪರ್ ಓದುತ್ತ ಕೂತ ಗಂಡನ ಕೈಯಿಂದ ಕಿತ್ತು ತಲೆಕೆಳಗು ಮಾಡಿ ನೋಡಿದ್ದೂ ಉಂಟು.

"ಶ್ಯಾಮಲ, ಇಲ್ಲಿ ಬಾಮ್ಮ" ಎನ್ನುತ್ತಿದ್ದರು ಶೇಷಾದ್ರಿ. "ಈ ಎರಡು ಪದದ ಮಧ್ಯೆ ಬಸ್ಸು ಯೂ-ಟರ್ನ್ ಹೊಡೀಬಹುದು."

ತಪ್ಪು ಪೂರ್ತಿ ನನ್ನದಲ್ಲ. ನಮ್ಮ ಭಾಷೆಯಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಂಡು ರೈಲಿನಷ್ಟು ಉದ್ದವಾಗುತ್ತವೆ. ಅಂಥ ಪದವನ್ನು ಸಾಲಿನ ಕೊನೆಯಲ್ಲಿ ಎಲ್ಲಿ ಕತ್ತರಿಸಬೇಕೆಂದು ಆ ಕಾಲದ ಕಂಪ್ಯೂಟರಿಗೆ ತಿಳಿಯದು. ಇಡೀ ಪದವನ್ನೇ ಎತ್ತಿ ಕೆಳಗಿನ ಸಾಲಿಗೆ ಒಗೆಯುತ್ತಿತ್ತು. ಮೇಲೆ ಉಳಿದ ಎರಡು ಪದಗಳನ್ನು ಎಡ ಅಂಚಿಗೊಂದು, ಬಲ ಅಂಚಿಗೊಂದು ಎಳೆದು ನಿಲ್ಲಿಸುತ್ತಿತ್ತು, ಮದುವೆಯಿಂದ ಜಗಳವಾಡಿಕೊಂಡು ವಾಪಸು ಬರುವ ಗಂಡ ಹೆಂಡಿರಂತೆ. ನಾವು ಕೈಯಿಂದಲೇ ಪದ ಮುರಿದು, ಅಕ್ಷರಗಳನ್ನು ಕೂದಲೆಳೆಯಷ್ಟು ಹತ್ತಿರ ತಂದು, ಸಮಾಧಾನ ಮಾಡಿಸಬೇಕಿತ್ತು. ಸಂಜೆ ಹೊತ್ತಿಗೆ ಒಂದು ಪುಟದ ಅಂಚು ಗೋಡೆಯ ಹಾಗೆ ನೆಟ್ಟಗೆ ನಿಂತರೆ ನನಗೆ ಆಗುತ್ತಿದ್ದ ಸಂತೋಷ ಯಾರಿಗೆ ಹೇಳಿದರೂ ಅರ್ಥವಾಗುತ್ತಿರಲಿಲ್ಲ. ಹೇಳದೆ ಬಿಟ್ಟವಳೂ ಅಲ್ಲ.

ಎರಡನೆಯ ವಿದ್ಯೆ, ಎಂಟರ್ ಕೀಲಿಯದು. ನಮ್ಮಲ್ಲಿಗೆ ಬರುತ್ತಿದ್ದ ಲೇಖಕರಲ್ಲಿ ಬಹುಮಂದಿ ಟೈಪ್‌ರೈಟರಿನಲ್ಲಿ ಕೈ ಪಳಗಿದ ನಿವೃತ್ತರು. ಕಂಪ್ಯೂಟರಿನಲ್ಲಿ ಸಾಲು ತಾನಾಗಿ ಕೆಳಗಿಳಿಯುತ್ತದೆ ಎಂದರೆ ಅವರಿಗೆ ನಂಬಿಕೆಯಿಲ್ಲ. ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತುತ್ತಿದ್ದರು. ಆ ಫೈಲನ್ನು ಪುಸ್ತಕದ ಅಳತೆಗೆ ತಂದರೆ ಸಾಲುಗಳೆಲ್ಲ ಅರ್ಧಕ್ಕೆ ಕಡಿದ ಬಳ್ಳಿಗಳು. ಇದಕ್ಕೆ ಮದ್ದು ಒಂದೇ ಆಜ್ಞೆ: ಎಂಟರ್ ಇರುವ ಕಡೆಯೆಲ್ಲ ಅದನ್ನು ಅಳಿಸಿ ಖಾಲಿ ಜಾಗ ಇಡು. ಒಂದು ಗುಂಡಿ ಒತ್ತಿದರೆ ಇಡೀ ಪುಸ್ತಕ ಹರಿದು ಒಂದಾಗಿ ಮೈ ಚಾಚಿಕೊಳ್ಳುತ್ತಿತ್ತು. ಆ ಗುಂಡಿ ಒತ್ತುವುದು ನನಗೆ ಚಟವೇ ಆಯಿತು.

ಒಮ್ಮೆ ಜೆ.ಪಿ. ನಗರದ ಒಂದು ಬಡಾವಣೆಯ ಉತ್ಸವದ ಆಹ್ವಾನ ಪತ್ರಿಕೆಗೂ ಒತ್ತಿದೆ. ಒಬ್ಬೊಬ್ಬರಿಗೆ ಒಂದೊಂದು ಸಾಲಿನಂತೆ ನಿಂತಿದ್ದ ಸ್ವಾಗತ ಸಮಿತಿಯವರೆಲ್ಲ ಒಂದೇ ಪ್ಯಾರಾ ಆಗಿ, ಎರಡೂ ಅಂಚಿಗೆ ಸರಿಯಾಗಿ, ಬಲು ಚೆನ್ನಾಗಿ ಕೂತರು. ಪ್ರೂಫ್ ನೋಡಲು ಬಂದ ಅಧ್ಯಕ್ಷರು ತಮ್ಮ ಹೆಸರು ಹುಡುಕುತ್ತ ಬಹಳ ಹೊತ್ತು ನಿಂತರು.

"ನಾನೆಲ್ಲಿದೀನಿ ಮೇಡಂ?"

"ಇಲ್ಲೇ ಸಾರ್, ಶಾಮಿಯಾನದವರ ಪಕ್ಕ."

"ಮೂರು ವರ್ಷದಿಂದ ಅವನ ಜೊತೆ ಮಾತಿಲ್ಲ ನಂಗೆ" ಎಂದರು ಅಧ್ಯಕ್ಷರು. ಶೇಷಾದ್ರಿ ಒಳಗೆ ಹೋಗಿ ಕಾಫಿ ತರಿಸಿದರು.

ಇಷ್ಟಾದರೂ ನಾನು ಕಲಿಯಲಿಲ್ಲ ಎನ್ನುವುದಕ್ಕೆ ಪುಟ್ಟತಾಯಮ್ಮನವರ ಪುಸ್ತಕ ಸಾಕ್ಷಿ. ಅಷ್ಟರಲ್ಲಿ ಕಾಲ ಬದಲಾಗಿತ್ತು. ಹಳೆಯ ಫಾಂಟುಗಳು ಹೋಗಿ ಫೋನಿನಲ್ಲೂ ತೆರೆಯುವ ಯೂನಿಕೋಡ್ ಅಕ್ಷರ ಬಂದಿತ್ತು, ಕಂಪ್ಯೂಟರಿಗೂ ಕನ್ನಡದ ಪದ ಮುರಿಯುವ ಬುದ್ಧಿ ಸ್ವಲ್ಪ ಬಂದಿತ್ತು, ಜನ ಪುಸ್ತಕವನ್ನೇ ವಾಟ್ಸಾಪಿನಲ್ಲಿ ಕಳಿಸತೊಡಗಿದ್ದರು.

ಪುಟ್ಟತಾಯಮ್ಮನವರದು ಯಡಿಯೂರಿನ ಹಳೆಯ ಒಕ್ಕಲು ಮನೆತನ. ಸೊಪ್ಪು, ಹೂಕೋಸು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಮಹಡಿ, ಬಾಡಿಗೆದಾರರು, ಕೆಳಗೊಂದು ಬೇಕರಿ. ಸುತ್ತಮುತ್ತಲಿನ ಯಾವ ಮದುವೆಯಲ್ಲೂ ಸೋಬಾನೆ ಹಾಡಿಗೆ ಅವರೇ ಮುಂದು. ಮಿಕ್ಕ ಹೆಂಗಸರು ಅವರ ದನಿ ಹಿಡಿದು ಹಿಂದೆ ಹೋಗುವವರು. ಹಾಡು ಪೂರ್ತಿ ಬಲ್ಲವರು ಅವರೊಬ್ಬರೇ. ಗಂಟಲಿನ ಆಪರೇಷನ್ ಆದ ಮೇಲೆ ಆ ದನಿ ಪಿಸುಮಾತಿಗೆ ಇಳಿದಿತ್ತು.

ಸೊಸೆ ಮಂಜುಳಾರ ಜೊತೆ ಅಂಗಡಿಗೆ ಬಂದು ಕೂತು, ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು: "ಮೊಮ್ಮಗಳ ಮದ್ವೆ ಕಣವ್ವ. ನಾನು ಹಾಡ್ದೇ ಇರೋ ಮೊದಲ್ನೇ ಮದ್ವೆ. ನಾನು ಹಾಡ್ದೇ ಹೋದ್ರೆ ಹೋಗ್ಲಿ, ಹಾಡು ಆಗ್ಬೇಕು."

"ನನ್ ಮಗ ಡಿಜೆ ಹಾಕಿಸ್ತೀನಿ ಅಂತಾನೆ ಮೇಡಂ" ಎಂದರು ಮಂಜುಳಾ. "ಅತ್ತೆ ಅವತ್ತಿಂದ ಅವನಿಗೆ ಕೈಯಾರೆ ಊಟ ಬಡಿಸಿಲ್ಲ."

ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆ ಪುಟ್ಟದೊಂದು ಸ್ತೋತ್ರದ ಪುಸ್ತಕ ಇಟ್ಟು ಕೊಡುವುದು ನಮ್ಮ ಕಡೆಯ ಮದುವೆಗಳಲ್ಲಿ ರೂಢಿ. ಪುಟ್ಟತಾಯಮ್ಮ ಸ್ತೋತ್ರದ ಬದಲು ಹಾಡಿನ ಪುಸ್ತಕ ಕೊಡಲು ಹೊರಟಿದ್ದರು, ಅದೂ ಹೊರಡುವಾಗ ಅಲ್ಲ, ಛತ್ರದ ಬಾಗಿಲಲ್ಲೇ. ಹೆಂಗಸರೆಲ್ಲ ಅದನ್ನು ನೋಡಿಕೊಂಡು ಒಟ್ಟಿಗೆ ಹಾಡಬೇಕು. ಮುಖ್ಯವಾಗಿ ಬೀಗರ ಹಾಡು. ಗಂಡಿನ ಕಡೆಯವರನ್ನು ಎದುರಿಗೆ ಕೂರಿಸಿ ಕಿಚಾಯಿಸುವ ಆ ಹಾಡಿನಲ್ಲಿ ತಡವರಿಸಿದರೆ ಹೆಣ್ಣಿನ ಕಡೆಯವರ ಮಾನ ಹೋದಂತೆ. ಪಕ್ಕದಲ್ಲೇ ಡಿಜೆ ಬೇರೆ ಕಾದಿರುತ್ತದೆ.

ಹಾಡುಗಳನ್ನು ಮಂಜುಳಾ ಅತ್ತೆಯ ಪಕ್ಕ ಕೂತು ಫೋನಿನಲ್ಲೇ ಟೈಪು ಮಾಡಿ ಕಳಿಸಿದರು. ತೆರೆದು ನೋಡಿದರೆ ಚಿಕ್ಕ ಚಿಕ್ಕ ಸಾಲು, ಪ್ರತಿಯೊಂದರ ಕೊನೆಗೂ ಎಂಟರ್. ಅಯ್ಯೋ, ಫೋನಿನಲ್ಲಿ ಜಾಗ ಸಾಲದೆ ಹೀಗೆ ಮಾಡಿದ್ದಾರೆ ಎಂದುಕೊಂಡೆ. ಗುಂಡಿ ಒತ್ತಿದೆ. ಹಾಡುಗಳೆಲ್ಲ ಪ್ಯಾರಾ ಆದವು. ಎರಡೂ ಅಂಚು ಗೋಡೆಯ ಹಾಗೆ ನಿಂತವು. ಶೇಷಾದ್ರಿ ತಲೆಕೆಳಗು ಹಿಡಿದು ನೋಡಿ, "ಸಖತ್ತಾಗಿದೆ" ಎಂದರು. ಅವರ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

ಪುಟ್ಟತಾಯಮ್ಮ ಪ್ರೂಫ್ ಹಿಡಿದುಕೊಂಡು, ತುಟಿ ಆಡಿಸುತ್ತ ಹಾಡತೊಡಗಿದರು. ಅರ್ಧ ಪುಟಕ್ಕೆ ಏದುಸಿರು ಬಂತು. ಮಂಜುಳಾ ಬೆನ್ನು ಸವರಿದರು.

"ಏನವ್ವ ಇದು" ಎಂದರು ಮುದುಕಿ, ಸುಧಾರಿಸಿಕೊಂಡು. "ಕಾಂಪೌಂಡ್ ಗೋಡೆ ಕಟ್ಟಿದಂಗದೆ. ಗೇಟೇ ಇಲ್ಲ. ಎಲ್ಲಿ ಉಸಿರು ತಗಳಾದು?"

ಶೇಷಾದ್ರಿ ನನ್ನ ಪರ ವಹಿಸಿ ಮುಂದೆ ಬಂದರು. "ಅಮ್ಮಾ, ಸಾಲು ಸಾಲಾಗಿ ಬಿಟ್ರೆ ಬಲಗಡೆ ಅಂಚು ಹಲ್ಲು ಬಿದ್ದ ಬಾಯಿ ತರ ಕಾಣುತ್ತೆ."

"ನನ್ ಬಾಯೂ ಹಂಗೇ ಅದೆ. ಹಾಡಿಲ್ವಾ ನಾನು?"

ಶೇಷಾದ್ರಿ ಕಾಫಿ ತರಿಸಲು ಒಳಗೆ ಹೋದರು.

ಆ ವಾರದ ಮಧ್ಯಾಹ್ನಗಳು ನನ್ನ ಇಡೀ ಕೆಲಸದಲ್ಲಿ ಅತಿ ಸುಖದವು. ಪುಟ್ಟತಾಯಮ್ಮ ಊಟ ಮುಗಿಸಿ ಬರುವರು, ನನ್ನ ಪಕ್ಕ ಕೂತು ಪಿಸುದನಿಯಲ್ಲಿ ಹಾಡುವರು, ಉಸಿರು ಬರುವ ಕಡೆ ಮೇಜಿನ ಮೇಲೆ ಅಂಗೈ ತಟ್ಟುವರು. ತಟ್ಟಿದಲ್ಲಿ ನಾನು ಎಂಟರ್ ಒತ್ತಬೇಕು. ಮೊದಮೊದಲು ಪದ ಮುಗಿಯುವುದನ್ನು ಕಾಯುತ್ತಿದ್ದೆ. ಮೂರನೆಯ ಹಾಡಿನ ಹೊತ್ತಿಗೆ ಅವರು ತಟ್ಟುವ ಮೊದಲೇ ನನ್ನ ಬೆರಳು ಹೋಗುತ್ತಿತ್ತು, ಯಾಕೆಂದರೆ ನನಗೂ ಉಸಿರು ಅಲ್ಲೇ ಬರುತ್ತಿತ್ತು. ಜೆರಾಕ್ಸ್ ಮಾಡಿಸಲು ಬಂದ ಗಿರಾಕಿಗಳು ನಿಂತು ಕೇಳುತ್ತಿದ್ದರು. ಒಬ್ಬ ಆಂಟಿ ತಮ್ಮ ಆಧಾರ್ ಕಾರ್ಡನ್ನು ಯಂತ್ರದಲ್ಲೇ ಮರೆತು, "ಹಸೆಗೆ ಕರೆಯೋದು ಆಯ್ತಾ, ಇನ್ನೂ ಇದ್ಯಾ?" ಎಂದು ವಿಚಾರಿಸಿ, ಮರುದಿನವೂ ಬಂದರು.

ಅಕ್ಷರ ದೊಡ್ಡದಿರಬೇಕು ಎಂಬುದು ಕಟ್ಟಪ್ಪಣೆ. "ನಮ್ಮೋರೆಲ್ಲ ರೇಷ್ಮೆ ಸೀರೆ ಉಟ್ಕಂಡು ಕನ್ನಡಕ ಮನೇಲ್ ಬುಟ್ಟು ಬರೋರು." ಹಾಗಾಗಿ ಬೀಗರ ಹಾಡು ಒಂದು ಪುಟಕ್ಕೆ ಹಿಡಿಯದೆ ಬಲಗಡೆಯ ಪುಟ ತುಂಬಿ ಹಿಂಬದಿಗೆ ಹೋಯಿತು. ನಡುವೆ ಪುಟ ತಿರುವಲೇಬೇಕು. ಎಲ್ಲಿ ತಿರುವಬೇಕು ಎಂಬುದೇ ನನ್ನ ಚಿಂತೆಯಾಯಿತು. ಅದೃಷ್ಟಕ್ಕೆ, ಪುಟದ ಕೊನೆಗೆ ಒಂದು ಚರಣ ಸರಿಯಾಗಿ ಮುಗಿಯುತ್ತಿತ್ತು:

ನಮ್ಮ ಹುಡುಗಿ ಹಸೆಯ ಬರೆವಳು
ಹತ್ತು ಮಂದಿಗೆ ಅಟ್ಟು ಬಡಿಸುವಳು ಸೋ
ನಿಮ್ಮ ಹುಡುಗ ಏನು ಬಲ್ಲ
ಬಾಯಿ ಬಿಡಿರಿ ಬೀಗರೆ ಸೋ
ಉಂಡ ಎಲೆಯ ಮುಂದೆ ಕೂತು ತೂಕಡಿಸಬಲ್ಲ ಸೋ

ಪ್ರಶ್ನೆ ಅಲ್ಲೇ, ಉತ್ತರವೂ ಅಲ್ಲೇ. ಆಮೇಲೆ ಪುಟ ತಿರುವಿ ಹೊಸ ಚರಣ. ತಾನಾಗಿ ಸರಿ ಬಿದ್ದಿದೆಯಲ್ಲ ಎಂದು ಅಲ್ಲಿ ಪುಟ ಮುರಿಯುವ ಆಜ್ಞೆ ಕೊಡಲಿಲ್ಲ. ಹಾಡುಗಳು ಒಂದರ ಹಿಂದೊಂದು ಹರಿದುಕೊಂಡೇ ಇದ್ದವು. ಹೊಸಬರೇ, ತಾನಾಗಿ ಸರಿ ಬಿದ್ದದ್ದು ತಾನಾಗಿಯೇ ಕೆಡುತ್ತದೆ. ಇದನ್ನು ಗೋಡೆಗೆ ಅಂಟಿಸಿಕೊಳ್ಳಿ.

ಶ್ರೀನಗರದ ಪ್ರೆಸ್ಸಿಗೆ ಪುಟಗಳನ್ನು ಭದ್ರ ಮಾಡಿ ಕಳಿಸುವ ಬದಲು, ತಿದ್ದಬಹುದಾದ ಫೈಲನ್ನೇ ಕಳಿಸಿದೆ. ಕೊನೆ ಗಳಿಗೆಯಲ್ಲಿ ಮುಹೂರ್ತದ ವೇಳೆ ಬದಲಾದರೆ ಅಲ್ಲೇ ತಿದ್ದಲಿ ಎಂಬ ಮುಂಜಾಗ್ರತೆ. ಹೆದರುವವರ ಮುಂಜಾಗ್ರತೆಗಳು ಹೀಗೇ ಇರುತ್ತವೆ. ಮದುವೆಯ ಹಿಂದಿನ ದಿನ ಕಟ್ಟುಗಳು ಬಂದವು. ಮೊದಲ ಪುಟ ತೆರೆದೆ. ನೆತ್ತಿಯ ಮೇಲೆ ನಾನು ಹಾಕದ ಒಂದು ಪುಟ್ಟ ಗಣಪತಿ ಕೂತಿದ್ದ. ಬೀಗರ ಹಾಡು ತೆಗೆದೆ. ಗಣಪತಿ ಕೂತ ಜಾಗಕ್ಕೆ ಸರಿಯಾಗಿ ಪುಸ್ತಕದ ಎಲ್ಲ ಸಾಲೂ ಒಂದೊಂದು ಮೆಟ್ಟಿಲು ಕೆಳಗಿಳಿದಿತ್ತು. ಮಿಕ್ಕ ಹಾಡುಗಳಿಗೆ ಅದರಿಂದ ತೊಂದರೆಯೇನೂ ಆಗಿರಲಿಲ್ಲ. ಇಲ್ಲಿ ಮಾತ್ರ "ಬಾಯಿ ಬಿಡಿರಿ ಬೀಗರೆ ಸೋ" ಎನ್ನುವಲ್ಲಿಗೆ ಪುಟ ಮುಗಿದು, ತೂಕಡಿಸಬಲ್ಲವನು ಹಿಂಬದಿಗೆ ಹೋಗಿಬಿಟ್ಟಿದ್ದ.

ಪ್ರೆಸ್ಸಿನ ರಂಗಸ್ವಾಮಿಗೆ ಫೋನು ಮಾಡಿದೆ.

"ಮದ್ವೆ ಪುಸ್ತಕ, ಗಣಪತಿ ಇಲ್ದೆ ಹೆಂಗ್ ಪ್ರಿಂಟ್ ಮಾಡ್ಲಿ ಮೇಡಂ? ನೀವು ಮರ್ತಿದ್ರಿ, ನಾನೇ ಹಾಕ್ದೆ. ಚಾರ್ಜೇನೂ ಮಾಡಿಲ್ಲ ಬಿಡಿ" ಎಂದ, ಉಪಕಾರ ಮಾಡಿದವರ ಸಂಕೋಚದಲ್ಲಿ.

ಮತ್ತೆ ಅಚ್ಚು ಹಾಕಲು ಹೊತ್ತಿಲ್ಲ. "ಯಾರ್ ನೋಡ್ತಾರಮ್ಮ" ಎಂದರು ಶೇಷಾದ್ರಿ, ಒಂದು ಬಸ್ಸಿನಷ್ಟು ಜಾಗ ಸಹಿಸದ ಮನುಷ್ಯ. ನನ್ನ ಕಣ್ಣ ಮುಂದೆ ಚಿತ್ರ ಓಡತೊಡಗಿತು: ಹೆಂಗಸರು ಪ್ರಶ್ನೆ ಕೇಳಿ ಪುಟಕ್ಕಾಗಿ ತಡಕಾಡುತ್ತಾರೆ, ಒಬ್ಬಳು ಮುಂದೆ, ಒಬ್ಬಳು ಹಿಂದೆ, ಹಾಡು ಕುಸಿಯುತ್ತದೆ, ಡಿಜೆಯವನು ಗುಂಡಿ ಒತ್ತುತ್ತಾನೆ, ಪುಟ್ಟತಾಯಮ್ಮನಿಗೆ ಬೈಯಲು ದನಿಯೂ ಇಲ್ಲ.

ಬನಶಂಕರಿಯ ಛತ್ರಕ್ಕೆ ಗಂಡನನ್ನೂ ಕರೆದುಕೊಂಡು ಹೋದೆ. "ಒಂದು ಸಾಲು ತಾನೆ?" ಎಂದು ಅವರು ದಾರಿಯುದ್ದಕ್ಕೂ ಕೇಳಿದರು. ಮೂವತ್ತು ವರ್ಷ ನನ್ನ ಜೊತೆ ಬಾಳಿದವರು ಕೇಳುವ ಪ್ರಶ್ನೆಯಲ್ಲ ಅದು. ಬಾಗಿಲಲ್ಲೇ ಪುಟ್ಟತಾಯಮ್ಮನಿಗೆ ವಿಷಯ ಹೇಳಲು ಹೋದೆ. ನೂರು ಜನರ ನಡುವೆ ಅವರು ನನ್ನ ಕೈಗೆ ಕುಂಕುಮದ ಬಟ್ಟಲು ಕೊಟ್ಟು, "ನಿಂತ್ಕಂಡಿರು, ಬಂದೋರಿಗೆ ಹಚ್ಚು" ಎಂದು ಒಳಗೆ ಹೋದರು.

ಧಾರೆ ಮುಗಿಯಿತು. ಗಂಡಿನ ಕಡೆಯವರನ್ನು ಜಮಖಾನೆಯ ಮೇಲೆ ಕೂರಿಸಿದರು. ಎದುರಿಗೆ ಹೆಣ್ಣಿನ ಕಡೆಯ ಹೆಂಗಸರು, ಕೈಯಲ್ಲಿ ಪುಸ್ತಕ. ನಡುವೆ ಪುಟ್ಟತಾಯಮ್ಮ, ಅಂಗೈಯಲ್ಲಿ ತೊಡೆ ತಟ್ಟುತ್ತ. ಮೊದಲಿನ ಹಾಡುಗಳು ಹೋದವು. ಸಾಲು ಮುರಿದಲ್ಲಿ ಎಲ್ಲರೂ ಒಟ್ಟಿಗೆ ಉಸಿರೆಳೆದದ್ದು ನನಗೆ ಕೇಳಿಸಿತು. ಆಮೇಲೆ ಬೀಗರ ಹಾಡು. ನಾನು ಕಂಬ ಹಿಡಿದುಕೊಂಡೆ.

"ನಿಮ್ಮ ಹುಡುಗ ಏನು ಬಲ್ಲ, ಬಾಯಿ ಬಿಡಿರಿ ಬೀಗರೆ ಸೋ..."

ಪುಟ ಮುಗಿಯಿತು. ಅರಿಸಿನ ಕುಂಕುಮ ಮೆತ್ತಿದ ಬೆರಳುಗಳಿಗೆ ಹೊಸ ಪುಸ್ತಕದ ಹಾಳೆ ಅಂಟಿಕೊಂಡಿತು. ನಲವತ್ತು ಜನ ತಡಕಾಡಿದರು. ಪ್ರಶ್ನೆ ಮಾತ್ರ ಹಾಗೇ ನಿಂತಿತ್ತು. ಪೇಟ ಸುತ್ತಿದ್ದ ಮದುಮಗ ತನ್ನನ್ನೇ ಕೇಳುತ್ತಿದ್ದಾರೆಂದು ಗಾಬರಿಯಾಗಿ ತನ್ನ ಸೋದರತ್ತೆಯ ಮುಖ ನೋಡಿದ. ಆಕೆ ಕೂತಲ್ಲಿಂದಲೇ ಜೋರಾಗಿ ಅಂದರು: "ಕಾಫಿ ಮಾಡಕ್ ಬರುತ್ತೆ ಕಣ್ರಮ್ಮ. ಸಕ್ಕರೆ ಹಾಕೋದ್ ಮರೀತಾನೆ, ಅಷ್ಟೇ."

ಗಂಡಿನ ಕಡೆಯವರು ಹೋ ಎಂದು ನಕ್ಕರು. ಅಷ್ಟರಲ್ಲಿ ಪುಟಗಳು ತಿರುಗಿದ್ದವು. "ಉಂಡ ಎಲೆಯ ಮುಂದೆ ಕೂತು ತೂಕಡಿಸಬಲ್ಲ ಸೋ" ಎಂದು ನಲವತ್ತು ಗಂಟಲು ಒಟ್ಟಿಗೆ ಬಡಿದವು, ಪುಸ್ತಕದಲ್ಲಿ ಮೊದಲೇ ಇದ್ದ ಉತ್ತರ ಆಕೆಗೆಂದೇ ಆಗ ತಾನೆ ಕಟ್ಟಿದಂತೆ. ಪುಟ್ಟತಾಯಮ್ಮನ ನಗುವಿಗೂ ದನಿಯಿರಲಿಲ್ಲ. ಭುಜ ಮಾತ್ರ ಕುಣಿಯುತ್ತಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು. "ಇನ್ನೊಂದ್ ಸಲ ಹೇಳ್ರವ್ವ" ಎಂದು ಕೈಸನ್ನೆ ಮಾಡಿದರು. ಎರಡನೆಯ ಸಲ ಪುಟ ತಿರುವುವಾಗ ಗಂಡಿನ ಕಡೆಯವರು ಸಿದ್ಧವಾಗಿದ್ದರು. "ಗ್ಯಾಸ್ ಬುಕ್ ಮಾಡ್ತಾನೆ" ಎಂದೊಬ್ಬರು, "ಅಮ್ಮನ್ ಕಂಡ್ರೆ ಹೆದರ್ತಾನೆ" ಎಂದಿನ್ನೊಬ್ಬರು. ಮೂರನೆಯ ಸಲ ಡಿಜೆ ಹುಡುಗನೇ ಮೈಕು ತಂದು ಬೀಗರ ಮುಂದೆ ಹಿಡಿದ. ಊಟದ ಎರಡನೇ ಪಂಕ್ತಿ ತಡವಾಗಿ ಅಡುಗೆಯವರು ಬಂದು ಬೈದರು.

ನಾನು ಕಂಬ ಬಿಟ್ಟಾಗ ಅದರ ಮೇಲೆ ಕುಂಕುಮದ ಐದು ಬೆರಳು ಮೂಡಿತ್ತು.

ಮುಂದಿನ ಮದುವೆ ಕಾಲಕ್ಕೆ ಪುಸ್ತಕ ಬೇಕೆಂದು ಅಕ್ಕಪಕ್ಕದ ಮನೆತನಗಳಿಂದ ಬೇಡಿಕೆ ಬಂತು. ನನ್ನ ಕೊನೆಯ ವಾರ ಅದು. ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡೇ ಕೂತು, ಗಣಪತಿಗೆ ಬೇರೆಯದೇ ಹಾಳೆ ಕೊಟ್ಟು, ಜಾರಿದ ಸಾಲನ್ನು ಎತ್ತಿ ಅದರ ಪ್ರಶ್ನೆಯ ಕೆಳಗೇ ಕೂರಿಸಿದೆ. ಈಗ ಬೀಗರ ಹಾಡಿನ ಚರಣ ಅಚ್ಚುಕಟ್ಟು. ಬಿಡುವ ಮುಂಚೆ ಒಂದು ಕೆಲಸವಾದರೂ ನೆಟ್ಟಗೆ ಮಾಡಿದೆನಲ್ಲ ಎಂದು ಹೆಮ್ಮೆಯಿಂದಲೇ ಮಂಜುಳಾರಿಗೆ ಪ್ರೂಫ್ ಕಳಿಸಿದೆ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು.

"ಎಲ್ಲವ್ವ ಹೋಯ್ತು ನಮ್ ಬೀಗ್ರು ಮಾತಾಡೋ ಜಾಗ?" ಎಂದು ಪಿಸುಗುಟ್ಟಿದರು ಪುಟ್ಟತಾಯಮ್ಮ.

"ಅದು ತಪ್ಪಾಗಿತ್ತಮ್ಮ. ಈಗ ಸರಿ ಮಾಡಿದೀನಿ."

"ಸರಿ ಮಾಡು ಅಂತ ಯಾರ್ ಹೇಳುದ್ರು?"

ಮಂಜುಳಾ ವಿವರಿಸಿದರು: ಅವರ ಕಡೆ ಈಗ ಎಲ್ಲಿ ಈ ಹಾಡು ಹಾಡಿದರೂ, ಪುಸ್ತಕ ಇರಲಿ ಬಿಡಲಿ, ಅಲ್ಲಿ ನಿಲ್ಲುತ್ತಾರೆ. ನಿಲ್ಲದಿದ್ದರೆ ಗಂಡಿನ ಕಡೆಯವರೇ ಬಿಡುವುದಿಲ್ಲ. ಮನೆಯಿಂದ ಉತ್ತರ ಯೋಚಿಸಿಕೊಂಡು ಬಂದಿರುತ್ತಾರೆ. "ಮೊನ್ನೆ ಒಬ್ಬ ಅಂಕಲ್ ಎರಡು ನಿಮಿಷ ಮಾತಾಡಿದ್ರು ಮೇಡಂ."

ನಾನು ಫೈಲು ತೆರೆದೆ. ಪ್ರಶ್ನೆಯ ಸಾಲಿನ ಕೊನೆಗೆ ಕರ್ಸರ್ ತಂದು ನಿಲ್ಲಿಸಿದೆ. ಕಂಟ್ರೋಲ್ ಎಂಟರ್ ಒತ್ತಿದರೆ ಪುಟ ಅಲ್ಲೇ ಮುರಿಯುತ್ತದೆ, ಇನ್ನು ಯಾವ ಗಣಪತಿ ಬಂದು ಕೂತರೂ ಅಲುಗುವುದಿಲ್ಲ. ಹಿಂದೆ ನಿಂತಿದ್ದ ಶೇಷಾದ್ರಿ, "ಶ್ಯಾಮಲ, ಚರಣದ ಮಧ್ಯ ಪುಟ ಮುರೀತಿದೀಯ" ಎಂದರು ನೋವಿನಿಂದ. ಒತ್ತಿದೆ. ಉತ್ತರದ ಸಾಲು ಕೆಳಗಿಳಿದು ಹಿಂಬದಿಗೆ ಹೋಯಿತು. ಮೇಲಿನ ಪುಟದ ಕೊನೆಯಲ್ಲಿ ಒಂದಿಷ್ಟು ಬಿಳುಪು ಉಳಿಯಿತು. ಅಭ್ಯಾಸಬಲದಿಂದ ಅದು ನನ್ನ ಕಣ್ಣಿಗೆ ರಾಚಿತು.

"ಇಲ್ಲಿ ಸ್ವಲ್ಪ ಖಾಲಿ ಕಾಣ್ಸುತ್ತಮ್ಮ" ಎಂದೆ. "ಸಣ್ಣದೊಂದು ಹೂವಿನ ಬಳ್ಳಿ ಹಾಕ್ಲಾ?"

ಪುಟ್ಟತಾಯಮ್ಮ ಪರದೆಯ ಹತ್ತಿರ ಬಗ್ಗಿ, ಆ ಬಿಳಿ ಜಾಗದ ಮೇಲೆ ಬೆರಳಿಟ್ಟು ನೋಡಿದರು.

"ಏನೂ ಬ್ಯಾಡ ಕಣವ್ವ" ಎಂದರು. "ಮಿಕ್ಕಿದ್ದು ಬೀಗ್ರು ನೋಡ್ಕತಾರೆ."